ಗೇಟಿಗೆ ಅಂಟಿಸಿದ ನೋಟಿಸಿನ ಹಿಂದಿನ 160 ವರ್ಷ

ಮೆಟ್ರೋದಲ್ಲಿ ಕೂತು ಕೇಳ್ತಿರೋರಿಗೆ ಮೊದಲು ಒಂದು ಸಣ್ಣ ಕೆಲಸ. ನೇರಳೆ ಮಾರ್ಗದಲ್ಲಿ ಮಾಗಡಿ ರೋಡ್ ಸ್ಟೇಷನ್ ದಾಟಿದ ಮೇಲೆ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ತನಕ ಫೋನಿಂದ ತಲೆ ಎತ್ತಿ ಕಿಟಕಿಯಾಚೆ ನೋಡಿ. ಗೋಡೆಗೆ ಗೋಡೆ ತಾಗಿರೋ ಮನೆಗಳು, ಅಂತಸ್ತಿನ ಮೇಲೆ ಅಂತಸ್ತು, ಅದರ ಮೇಲೊಂದು ಶೀಟಿನ ರೂಮು. ಇದರಲ್ಲಿ ಎಷ್ಟು ಮನೆ ಮಂಜೂರಾದ ನಕ್ಷೆಯಂತೆಯೇ ಇದೆ ಅಂತ ನಾನಂತೂ ಕೇಳೋಕೆ ಹೋಗಲ್ಲ. ನಾನೂ ಇದೇ ಏರಿಯಾದವನು, ನಾಳೆ ಇದೇ ರಸ್ತೇಲಿ ಓಡಾಡಬೇಕು.

ನಕ್ಷೆ ಮೀರಿ ಕಟ್ಟಿದ್ದೀರಿ ಅಂತ ಪಾಲಿಕೆ ಇವತ್ತೇ ಜೆಸಿಬಿ ತಂದು ಒಡೆಯಬಹುದಾ? ಆಗಲ್ಲ. ಮೊದಲು ಒಂದು ಹಾಳೆ ಬರಬೇಕು. ಆ ಹಾಳೆ ಕೋರ್ಟಲ್ಲಿ ನಿಲ್ಲುತ್ತೋ ಇಲ್ಲವೋ ಅಂತ ತಲೆ ಕೆಡಿಸ್ಕೊಳ್ಳೋದು ಪಾಲಿಕೆಯ ಕಾನೂನು ಕೋಶ. ಇವತ್ತು ಆ ಹಾಳೆಯ ಇತಿಹಾಸ.

ಶುರುವಾಗೋದು ಲಂಡನ್ನಿಂದ. ಅಲ್ಲಿನ ವಾಂಡ್ಸ್‌ವರ್ತ್ ಅನ್ನೋ ಪ್ರದೇಶದಲ್ಲಿ ಕೂಪರ್ ಅನ್ನೋರು ಮನೆ ಕಟ್ಟಿಸ್ತಿದ್ದರು. ಪಾಯ ತೆಗೆಯೋ ಏಳು ದಿನ ಮೊದಲು ಸ್ಥಳೀಯ ಮಂಡಳಿಗೆ ತಿಳಿಸಬೇಕು, ಇಲ್ಲದಿದ್ದರೆ ಮಂಡಳಿ ಕೆಡವಬಹುದು ಅಂತ ಕಾನೂನಿತ್ತು. ತಿಳಿಸಿದ್ದೆ ಅಂತ ಕೂಪರ್, ಬಂದೇ ಇಲ್ಲ ಅಂತ ಮಂಡಳಿ. ಗೋಡೆ ಎರಡನೇ ಅಂತಸ್ತಿಗೆ ಏರಿದಾಗ ಮಂಡಳಿಯವರು ಒಂದು ಮಾತೂ ಕೇಳದೆ ಬಂದು ಕೆಡವಿದರು. ಕೇಸು 1863ರಲ್ಲಿ ತೀರ್ಮಾನ ಆಯ್ತು. ಮಾತು ಕೇಳಬೇಕು ಅಂತ ಕಾನೂನಲ್ಲಿ ಬರೆದಿಲ್ಲ ಅನ್ನೋದು ಮಂಡಳಿಯ ವಾದ. ಬರೆಯದಿದ್ದರೂ ಕೇಳಲೇಬೇಕು ಅಂದಿತು ಕೋರ್ಟು. ದೇವರೇ ಆದಮನಿಗೆ ಶಿಕ್ಷೆ ಕೊಡೋ ಮೊದಲು ಕರೆದು ವಿಚಾರಿಸಿದ್ದ ಅನ್ನೋ ಹಳೇ ಕೇಸೊಂದರ ಮಾತನ್ನೂ ಒಬ್ಬ ನ್ಯಾಯಮೂರ್ತಿ ಅಲ್ಲಿ ನೆನಪಿಸಿದರು. ನಮ್ಮಲ್ಲೂ ಲಾ ಕಾಲೇಜುಗಳಲ್ಲಿ ಈ ಕೇಸು ಹೇಳಿಕೊಡ್ತಾರೆ.

ಆ ತೀರ್ಪಿಗೆ ಒಂದು ವರ್ಷ ಮೊದಲು, 1862ರಲ್ಲಿ, ಬೆಂಗಳೂರಿಗೆ ಮುನಿಸಿಪಾಲಿಟಿ ಬಂದಿತ್ತು. 1949ರಲ್ಲಿ ಪೇಟೆ ಕಡೆಯದ್ದೂ ದಂಡಿನ ಕಡೆಯದ್ದೂ ಸೇರಿ ಒಂದು ಕಾರ್ಪೊರೇಷನ್ ಆಯ್ತು. ನಮಗೆ ಮುಖ್ಯವಾದದ್ದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಲಂಡನ್ನಿನ ನ್ಯಾಯಮೂರ್ತಿಗಳು ಬಾಯಲ್ಲಿ ಹೇಳಿದ್ದು ಇದರ 321ನೇ ಸೆಕ್ಷನ್ನಿನಲ್ಲಿ ಮೆಟ್ಟಿಲಾಗಿ ಕೂತಿದೆ. ಮೊದಲು ತಾತ್ಕಾಲಿಕ ಆದೇಶ. ಆಮೇಲೆ, ಯಾಕೆ ಕೆಡವಬಾರದು ಹೇಳಿ ಅನ್ನೋ ಕಾರಣ ಕೇಳುವ ನೋಟಿಸ್. ನಿಮ್ಮ ಉತ್ತರ ನೋಡಿದ ಮೇಲಷ್ಟೇ ಅಂತಿಮ ಆದೇಶ. ಅದನ್ನೂ 443ಎ ಸೆಕ್ಷನ್ನಿನಲ್ಲಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಒಯ್ಯಬಹುದು. 2020ರ ಬಿಬಿಎಂಪಿ ಕಾಯ್ದೆಯಲ್ಲಿ ಇದೇ ಮೆಟ್ಟಿಲು 248ನೇ ಸೆಕ್ಷನ್ ಆಯ್ತು. ನಂಬರ್ ಬದಲಾಯ್ತು, ದಾರಿ ಅದೇ.

ಕಾನೂನು ಕೋಶ ಅಂದ್ರೆ ಸಿನಿಮಾದ ಕಪ್ಪು ಕೋಟು, ಗುಡುಗೋ ಡೈಲಾಗು ಅಂದ್ಕೋಬೇಡಿ. ಅರ್ಜಿಯ ಒಂದೊಂದು ಪ್ಯಾರಾಕ್ಕೂ ಉತ್ತರ ಬೇಕು. ಅದಕ್ಕೆ ವಾರ್ಡಿನ ಇಂಜಿನಿಯರ್ ಹತ್ತಿರ ಮಾಹಿತಿ ಕೇಳಬೇಕು. ಅದನ್ನ ಪ್ಯಾನಲ್ ವಕೀಲರಿಗೆ ಕಳಿಸಬೇಕು. ಎದುರಿನವರು ಏಕಪಕ್ಷೀಯವಾಗಿ ತಡೆಯಾಜ್ಞೆ ತರದಂತೆ ಕೇವಿಯಟ್ ಹಾಕಬೇಕು. ಸ್ಟೇ ಬಂದಿದ್ದರೆ ತೆರವು ಮಾಡಿಸೋಕೆ ಅರ್ಜಿ ಹಾಕಬೇಕು. ಹೆಚ್ಚು ಪಾಲು ಕಡತ ಹುಡುಕೋ ಕೆಲಸ. ನೋಟಿಸ್ ಯಾರ ಕೈಗೆ ಕೊಟ್ಟರು, ಯಾವ ತಾರೀಖು, ಎಷ್ಟು ಅಡಿ ಮೀರಿದೆ ಅಂತ ಬರೆದಿದ್ದಾರಾ? ಇದರಲ್ಲಿ ಒಂದು ತಪ್ಪಿದರೂ, ಗೋಡೆ ಎಷ್ಟೇ ಅಕ್ರಮವಾಗಿದ್ದರೂ, ಆದೇಶ ರದ್ದಾಗಿ ಮೊದಲಿಂದ ಶುರು ಮಾಡಬೇಕಾಗಬಹುದು. ಅಷ್ಟರಲ್ಲಿ ಪಕ್ಕದ ಮನೆಗೆ ಬರ್ತಿದ್ದ ಬೆಳಕು ಮುಚ್ಚಿಹೋಗಿರುತ್ತೆ. ಈ ತಪ್ಪಿನ ಬೆಲೆ ಕಟ್ಟೋರು ಆ ಪಕ್ಕದ ಮನೆಯವರು ಅನ್ನೋದನ್ನ ನಾವು ಮರೀತೀವಿ.

ಈಗ ನನ್ನ ಬಿಕಾಂ ಉಪಯೋಗಕ್ಕೆ ಬರೋ ಭಾಗ. ಎರಡು ಕಂಪನಿ ವಿಲೀನ ಆದ್ರೆ ಆಸ್ತಿ ಜೊತೆ ಸಾಲವೂ ಹೊಸ ಕಂಪನಿಗೆ ಹೋಗುತ್ತೆ ಅಲ್ವಾ? ಊರಿನ ಸರ್ಕಾರಕ್ಕೂ ಅದೇ ಲೆಕ್ಕ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ ಸೇರಿದವು. ಪುರಸಭೆ ಅಂತ ಸೇರಿದ್ದು ಒಂದೇ, ನಮ್ಮ ಕೆಂಗೇರಿ. ಇಂಥ ವಿಲೀನದಲ್ಲಿ ರಿಜಿಸ್ಟರು, ತೆರಿಗೆ ಬಾಕಿ, ನಡೀತಿರೋ ಕೇಸು ಎಲ್ಲವೂ ಹೊಸ ಮನೆಗೆ ಹೋಗ್ತವೆ. ಸೆಪ್ಟೆಂಬರ್ 2025ರಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆ ಬಂದವು. ರಾಜಾಜಿನಗರ, ವಿಜಯನಗರ ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆ. ಬೋರ್ಡು ಬದಲಾಯ್ತು ಅಂತ ಕೇಸು ಸಾಯಲ್ಲ. ಆದ್ರೆ ಒಂದು ಕಚೇರಿಯ ಕಡತ ಐದು ಕಡೆ ಹಂಚುವಾಗ ಏನೇನು ಕಳೆದುಹೋಗಬಹುದು, ಮನೆ ಶಿಫ್ಟ್ ಮಾಡಿದ ಯಾರನ್ನಾದರೂ ಕೇಳಿ.

ಅದಕ್ಕೇ 13 ನವೆಂಬರ್ 2024ರ ಸುಪ್ರೀಂ ಕೋರ್ಟ್ ತೀರ್ಪು ಈಗ ಇನ್ನೂ ಮುಖ್ಯ. ಬುಲ್ಡೋಜರ್ ತೀರ್ಪು ಅಂತ ನೀವು ರೀಲ್ಸಲ್ಲಿ ನೋಡಿರ್ತೀರಿ. ಕಾರಣ ಕೇಳುವ ನೋಟಿಸಿಗೆ ಕನಿಷ್ಠ 15 ದಿನ. ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಅಂತಿಮ ಆದೇಶ ಆದ ಮೇಲೂ 15 ದಿನ ಕಾಯಬೇಕು. ಮೀರಿದ ಅಧಿಕಾರಿ ತನ್ನ ಸ್ವಂತ ಖರ್ಚಿನಲ್ಲಿ ಪರಿಹಾರ ಕೊಡಬೇಕು. ನನಗೆ ತುಂಬ ಇಷ್ಟವಾದ ಸಾಲು ಬೇರೆ: ನೋಟಿಸ್ ಕೊಟ್ಟ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು. ಯಾಕೆ ಗೊತ್ತಾ? ಹಳೇ ತಾರೀಖು ಹಾಕಿ ಕೊಟ್ಟರು ಅನ್ನೋ ಮಾತು ಬರಬಾರದು ಅಂತ. ನಮ್ಮ ಕಚೇರಿಗಳನ್ನ ಚೆನ್ನಾಗಿ ಬಲ್ಲವರೇ ಬರೆದಿರೋದು.

ಆದ್ರೆ ರಸ್ತೆ, ಫುಟ್‌ಪಾತ್, ನದಿ, ಜಲಮೂಲದ ಮೇಲಿನ ಅಕ್ರಮ ಕಟ್ಟಡಕ್ಕೆ ಈ ರಕ್ಷಣೆ ಇಲ್ಲ. ನಮ್ಮ ಪಶ್ಚಿಮ ಬೆಂಗಳೂರಿನ ನಡುವೆ ಹರಿಯೋದು ವೃಷಭಾವತಿ. ನಾಯಂಡಹಳ್ಳಿ, ಕೆಂಗೇರಿ ಕಡೆ ಅದನ್ನ ಮೋರಿ ಅಂತಾನೇ ಕರೆಯೋ ಎಷ್ಟೋ ಜನರಿದ್ದಾರೆ. ಕಾಗದದಲ್ಲಿ ಅದು ನದಿ. ಅದಕ್ಕೆ ಸೇರೋ ರಾಜಕಾಲುವೆಯ ಗಡಿ ನಿಮ್ಮ ಅಡುಗೆಮನೆಯ ಈಚೆಗೋ ಆಚೆಗೋ ಅನ್ನೋದು ಹಳೇ ಗ್ರಾಮನಕ್ಷೆ, ಸರ್ವೆಯರ್ ಹಿಡಿದ ಸರಪಳಿಯಿಂದ ತೀರ್ಮಾನ ಆಗುತ್ತೆ. ಮುಂದಿನ ಜಗಳ ಅಲ್ಲೇ ನಡೆಯುತ್ತೆ ಅನ್ನೋದು ನನ್ನ ಅಂದಾಜು.

ನಿಮ್ಮ ಗೇಟಿಗೂ ಇಂಥ ಹಾಳೆ ಬಂದರೆ, ಹರಿದು ಹಾಕೋ ಮೊದಲು ಫೋಟೋ ತೆಗೀರಿ. ಕವರನ್ನೂ ಎಸೀಬೇಡಿ, ಅಂಚೆ ಮುದ್ರೆಯ ತಾರೀಖು ಅದರ ಮೇಲಿರುತ್ತೆ.