ಮಿತಾಕ್ಷರೆಯಲ್ಲಿ ಅಪುತ್ರಧನ

ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಒಬ್ಬ ಸಮುದ್ರವ್ಯಾಪಾರಿಯ ಪ್ರಸ್ತಾಪವುಂಟು. ಹಡಗು ಒಡೆದು ಅವನು ಮೃತನಾದನೆಂದೂ, ಸಂತಾನವಿಲ್ಲದವನಾದುದರಿಂದ ಅವನ ಧನವೆಲ್ಲವೂ ದೊರೆಗೆ ಸೇರತಕ್ಕುದೆಂದೂ ಅಮಾತ್ಯನು ದುಷ್ಯಂತನಿಗೆ ಪತ್ರಮುಖೇನ ಅರಿಕೆಮಾಡುತ್ತಾನೆ. ಮೃತನ ಪತ್ನಿಯರಲ್ಲಿ ಗರ್ಭಿಣಿಯಾದವಳು ಇರುವಳೇ ಎಂದು ದೊರೆಯು ವಿಚಾರಿಸಿ, ಇರುವಳೆಂದು ತಿಳಿದಮೇಲೆ, ಗರ್ಭಸ್ಥ ಶಿಶುವಿಗೇ ಪಿತೃಧನವು ಸಲ್ಲಬೇಕೆಂದು ಅಪ್ಪಣೆಮಾಡುತ್ತಾನೆ. ಈ ಪ್ರಸಂಗವನ್ನು ಬೋಧಿಸುವವರು ಸಾಮಾನ್ಯವಾಗಿ ಪುತ್ರಹೀನನಾದ ದೊರೆಯ ಶೋಕವನ್ನು ಎತ್ತಿ ತೋರಿಸುವರು, ಅದು ಯುಕ್ತವೇ. ಆದರೆ ವ್ಯವಹಾರದೃಷ್ಟಿಯಿಂದ ಪರಿಶೀಲಿಸಿದರೆ ಮತ್ತೊಂದಂಶವು ಗೋಚರಿಸುತ್ತದೆ. ಪತ್ನಿಯರು ಅನೇಕರು ಬದುಕಿದ್ದರೂ ಅವರಲ್ಲೊಬ್ಬಳಾದರೂ ಗಂಡನ ಧನಕ್ಕೆ ತಾನಾಗಿಯೇ ಬಾಧ್ಯಳಾದಾಳೆಂಬ ಯೋಚನೆಯು ಅಮಾತ್ಯನಿಗೂ ಹುಟ್ಟಲಿಲ್ಲ, ದೊರೆಗೂ ಹುಟ್ಟಲಿಲ್ಲ.

ಈ ವಿಷಯದಲ್ಲಿ ಸ್ಮೃತಿಗಳು ಏಕವಾಕ್ಯವಾಗಿರಲಿಲ್ಲ. ಅಪುತ್ರನ ಧನವು ತಂದೆಗೆ ಅಥವಾ ಸೋದರರಿಗೆ ಸಲ್ಲುವುದೆಂದು ಮನುಸ್ಮೃತಿಯಲ್ಲಿದೆ. ಯಾಜ್ಞವಲ್ಕ್ಯನಾದರೋ ಪತ್ನಿಯನ್ನು ಮೊದಲು ಹೇಳಿ, ಅನಂತರ ಹೆಣ್ಣುಮಕ್ಕಳು, ತಾಯಿತಂದೆಗಳು, ಸೋದರರು ಎಂದು ಕ್ರಮವನ್ನು ವಿಧಿಸಿದನು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆಯುವಾಗ ಈ ವಿರೋಧವನ್ನು ಪರಿಹರಿಸಬೇಕಾಯಿತು. ನಿಯೋಗಕ್ಕೆ ಒಪ್ಪಿದ ವಿಧವೆಗೆ ಮಾತ್ರ ಧನವು ಸಲ್ಲುವುದೆಂಬ ಧಾರೇಶ್ವರನ ಪಕ್ಷವನ್ನು ಅವನು ಖಂಡಿಸುತ್ತಾನೆ. ಧನವು ಅಲ್ಪವಾದಲ್ಲಿ ಮಾತ್ರ ಪತ್ನಿಗೆ ಸಲ್ಲಲೆಂಬ ಪಕ್ಷಕ್ಕೆ ಅವನು ಕೊಡುವ ಉತ್ತರವು ಚಮತ್ಕಾರವಾಗಿದೆ: ಮಕ್ಕಳಿರುವಾಗಲೇ ವಿಭಾಗಕಾಲದಲ್ಲಿ ಅವರ ಸಮಾನವಾದ ಪಾಲನ್ನು ಪಡೆಯುವವಳು, ಮಕ್ಕಳೇ ಇಲ್ಲದಿರುವಾಗ ಬರಿಯ ಜೀವನಾಂಶಕ್ಕೆ ಇಳಿಯುವುದು ಹೇಗೆ?

ಆದರೆ ಈ ಹಕ್ಕಿಗೆ ಅವನೇ ಒಂದು ಬೇಲಿಯನ್ನೂ ಹಾಕಿದನು. ಗಂಡನು ದಾಯಾದಿಗಳಿಂದ ವಿಭಕ್ತನಾಗಿ, ಮರಳಿ ಕೂಡದೆ ಸತ್ತಿದ್ದರೆ ಮಾತ್ರ ಪತ್ನಿಗೆ ಧನವು ಬರುತ್ತದೆ. ಒಟ್ಟು ಕುಟುಂಬದಲ್ಲಿ ಸತ್ತವನ ಪಾಲು ಉಳಿದವರಲ್ಲಿಯೇ ಕರಗಿಹೋಗಿ, ಅವನ ಹೆಂಡತಿಗೆ ಅನ್ನವಸ್ತ್ರಗಳು ಮಾತ್ರ ಉಳಿಯುವುವು. ಮಗನಿಗೆ ಪಿತಾಮಹನ ಸ್ವತ್ತಿನಲ್ಲಿ ಹುಟ್ಟಿನಿಂದಲೇ ಹಕ್ಕೆಂಬ ಸಿದ್ಧಾಂತದ ಫಲವಿದು. ತಂದೆಯು ಸ್ಥಿರಸ್ವತ್ತನ್ನು ಮನಬಂದಂತೆ ಪರಾಧೀನ ಮಾಡಲಾರನು. ಆಪತ್ತು, ಕುಟುಂಬಭರಣ, ಧರ್ಮಕಾರ್ಯ ಇವುಗಳಿಗೆ ಮಾತ್ರ ವಿನಾಯಿತಿ. ಹೀಗಿರಲು ಗೃಹಸ್ಥನೊಬ್ಬನು ತನ್ನ ಹೆಂಡತಿಯ ಮುಂದಿನ ಗತಿಯನ್ನು ಚಿಂತಿಸುವನಾದರೆ, ಅವನ ಕೈಯಲ್ಲಿದ್ದ ಮುಖ್ಯ ಸಾಧನವು ವಿಭಾಗವೇ. ಬದುಕಿರುವಾಗಲೇ ಪಾಲನ್ನು ಬೇರೆಮಾಡಿಕೊಳ್ಳದವನು ಅವಳನ್ನು ಮೈದುನರ ಕರುಣೆಗೆ ಒಪ್ಪಿಸಿ ಹೋದಂತೆಯೇ ಸರಿ. ಮನೆ ಒಡೆಯುವುದೆಂದು ಲೋಕವು ಹಳಿಯುವ ಕಾರ್ಯದಲ್ಲಿ ಇಂಥ ಮುಂದಾಲೋಚನೆಯೂ ಅಡಗಿರಬಹುದೆಂಬುದನ್ನು ದಾಯಭಾಗವನ್ನು ಓದುವವರು ಮರೆಯಬಾರದು. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡುವ ಹಳೆಯ ವಿಧಿಯನ್ನು ವಿಜ್ಞಾನೇಶ್ವರನು ತಳ್ಳಿಹಾಕುವ ರೀತಿಯೂ ಗಮನಾರ್ಹವಾದುದು. ಅದು ಶಾಸ್ತ್ರದಲ್ಲಿದ್ದರೂ ಲೋಕವಿದ್ವಿಷ್ಟವಾದುದರಿಂದ ಆಚರಣೀಯವಲ್ಲವೆನ್ನುತ್ತಾನೆ.

ಸತ್ತಮೇಲೆ ನಡೆಯಬೇಕಾದುದನ್ನು ಬರೆದಿಡುವ ಮರಣಶಾಸನಕ್ಕೆ ಈ ವ್ಯವಸ್ಥೆಯಲ್ಲಿ ಸ್ಥಳವಿರಲಿಲ್ಲ. ವಸ್ತುವಿನೊಡನೆ ಶಬ್ದವೂ ಹೊರಗಿನಿಂದ ಬಂದಿತು. ಕನ್ನಡದ ಉಯಿಲು ಎಂಬ ಮಾತು ಇಂಗ್ಲಿಷಿನ ವಿಲ್ ಎಂಬುದರ ತದ್ಭವ. 1870ರಲ್ಲಿ ಹಿಂದೂ ಉಯಿಲುಗಳ ಕಾಯಿದೆಯಾಯಿತು. ಆದರೂ ಮಿತಾಕ್ಷರೆಯು ಸಲ್ಲುವ ಕಡೆಗಳಲ್ಲಿ ಅವಿಭಕ್ತನು ತನ್ನ ಪಾಲನ್ನು ಉಯಿಲಿನಿಂದ ಕೊಡುವಂತಿರಲಿಲ್ಲ. ಏಕೆಂದರೆ ಅವನು ಕಣ್ಣುಮುಚ್ಚಿದ ಕ್ಷಣದಲ್ಲಿಯೇ ಕೊಡತಕ್ಕ ಪಾಲೂ ಇಲ್ಲವಾಗುತ್ತಿದ್ದಿತು. 1916ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆ ಬಂದ ಗಿರಿಜಾಬಾಯಿಯ ಮೊಕದ್ದಮೆಯು ಇಲ್ಲಿ ಸ್ಮರಣೀಯ. ಗಂಡನು ಬೇರೆಯಾಗುವೆನೆಂದು ಸ್ಪಷ್ಟವಾಗಿ ತಿಳಿಸಿ ದಾವೆ ಹೂಡಿದ್ದನು. ತೀರ್ಪಾಗುವುದಕ್ಕೆ ಮೊದಲೇ ಕಾಲವಾದನು. ಬೇರೆಯಾಗುವ ನಿಶ್ಚಯವನ್ನು ಅಸಂದಿಗ್ಧವಾಗಿ ಪ್ರಕಟಿಸಿದೊಡನೆಯೇ ಅವನು ವಿಭಕ್ತನಾದನೆಂದು ನ್ಯಾಯಾಧಿಪತಿಗಳು ಹೇಳಿದುದರಿಂದ ವಿಧವೆಗೆ ಪಾಲು ದೊರೆಯಿತು. ಆ ಒಂದು ಸೂಚನೆಯು ಇಲ್ಲದಿದ್ದರೆ ಅವಳಿಗೆ ಉಳಿಯುತ್ತಿದ್ದುದು ಜೀವನಾಂಶ ಮಾತ್ರ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅವಿಭಕ್ತನಿಗೂ ತನ್ನ ಪಾಲನ್ನು ಉಯಿಲಿನಿಂದ ಕೊಡುವ ಅಧಿಕಾರವನ್ನಿತ್ತಿತು. ಕರ್ನಾಟಕದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ ಆದ ತಿದ್ದುಪಡಿಗಳಿಂದ ಹೆಣ್ಣುಮಕ್ಕಳಿಗೂ ಜನ್ಮತಃ ಹಕ್ಕು ಬಂದಿತು. ಹುಟ್ಟಿನಿಂದ ಸ್ವತ್ವವೆಂಬ ಕಲ್ಯಾಣದ ಪಂಡಿತನ ಸೂತ್ರವು ಅವನೆಣಿಸದ ಕಡೆಗೂ ಹಬ್ಬಿತು.

ಸ್ತ್ರೀಧನದ ಕಥೆ ಬೇರೆ. ಯಾಜ್ಞವಲ್ಕ್ಯನು ಹೇಳಿದ ಸ್ತ್ರೀಧನದ ಪಟ್ಟಿಯ ಕೊನೆಯಲ್ಲಿ ಬರುವ ‘ಮೊದಲಾದ’ ಎಂಬರ್ಥದ ಪದವನ್ನು ಹಿಡಿದು, ದಾಯವಾಗಿ ಬಂದುದೂ, ಕ್ರಯಕ್ಕೆ ಕೊಂಡುದೂ, ಪಾಲಿಗೆ ಬಂದುದೂ ಹೆಂಗಸಿನ ಸ್ವಂತ ಧನವೇ ಎಂದು ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ್ದನು. 1867ರಲ್ಲಿ ಪ್ರಿವಿ ಕೌನ್ಸಿಲು, ಗಂಡನಿಂದ ದಾಯವಾಗಿ ಬಂದ ಸ್ವತ್ತು ವಿಧವೆಗೆ ಸ್ತ್ರೀಧನವಲ್ಲವೆಂದು ನಿರ್ಣಯಿಸಿತು. ಅವಳು ಜೀವವಿರುವವರೆಗೆ ಅನುಭವಿಸಬಹುದು. ಅನಂತರ ಅದು ಗಂಡನ ಬಾಧ್ಯಸ್ಥರಿಗೆ ಹಿಂದಿರುಗತಕ್ಕದ್ದು. 1956ರ ಕಾಯಿದೆಯ 14ನೆಯ ಪ್ರಕರಣವು ಈ ಮಿತಿಯನ್ನು ತೆಗೆದು ಅವಳನ್ನು ಪೂರ್ಣಸ್ವಾಮಿನಿಯನ್ನಾಗಿ ಮಾಡಿತು. ಮೊದಲು ಯಾವ ಹಕ್ಕೂ ಇಲ್ಲದೆ, ಉಯಿಲು, ದಾನಪತ್ರ ಮೊದಲಾದುವುಗಳಿಂದಲೇ ಹೊಸದಾಗಿ ಮಿತಿಯೊಡನೆ ಬಂದ ಸ್ವತ್ತಿಗೆ ಮಾತ್ರ ಆ ಮಿತಿಯು ಇಂದಿಗೂ ಅಂಟಿಕೊಂಡಿರುತ್ತದೆ.