ಶಾರದಾ: ಒಂದು ಹೆಣ್ಣು ಹೆಸರಿನ ಚರಿತ್ರೆ

ಶಾರದಾ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಣ್ಣು ಹೆಸರು. ಮನೆಮಂದಿಗೆ ಶಾರು, ಶಾರಿ. ವಯಸ್ಸಾದ ಮೇಲೆ ಶಾರದಮ್ಮ. ಶರತ್ ಋತುವಿಗೆ ಸೇರಿದವಳು ಎಂಬುದು ನಿಘಂಟಿನ ಅರ್ಥ. ಶರನ್ನವರಾತ್ರಿಯಲ್ಲಿ ಪೂಜೆಗೊಳ್ಳುವ ದೇವಿಗೆ ಅದು ಒಪ್ಪುತ್ತದೆ. ಆದರೆ ಈ ಹೆಸರು ನಮ್ಮ ತೊಟ್ಟಿಲುಗಳಿಗೆ ಬಂದದ್ದು ಋತುವಿನಿಂದಲ್ಲ, ಕ್ಷೇತ್ರದಿಂದ ಎನ್ನಲು ಆಧಾರವಿದೆ. ವಾಗ್ದೇವಿಯ ಹೆಸರುಗಳನ್ನು ಹೇಳುವ ಅಮರಕೋಶದ ಸಾಲಿನಲ್ಲಿ ಬ್ರಾಹ್ಮೀ, ಭಾರತೀ, ವಾಣೀ, ಸರಸ್ವತೀ ಇವೆ, ಶಾರದಾ ಇಲ್ಲ. ಅದೇ ಕಾಶ್ಮೀರದಲ್ಲಿ ಈ ಹೆಸರಿಗೆ ಗುಡಿಯೇ ಇತ್ತು. 12ನೆಯ ಶತಮಾನದ ಕಲ್ಹಣ ರಾಜತರಂಗಿಣಿಯಲ್ಲಿ ಅದನ್ನು ಹೆಸರಿಸುತ್ತಾನೆ. ಅಲ್ಲಿನ ಲಿಪಿಯೂ ಶಾರದೆಯದೇ. ಕನ್ನಡ ನಾಡಿಗೆ ಬಂದರೆ, ಶಂಕರಾಚಾರ್ಯರು ಶೃಂಗೇರಿಯಲ್ಲಿ ಶ್ರೀಗಂಧದ ಶಾರದೆಯನ್ನು ಸ್ಥಾಪಿಸಿದರು, ವಿದ್ಯಾರಣ್ಯರ ಕಾಲದಲ್ಲಿ ಚಿನ್ನದ ವಿಗ್ರಹ ಬಂತು ಎನ್ನುವುದು ಮಠದ ಐತಿಹ್ಯ. ಐತಿಹ್ಯವನ್ನು ಶಾಸನದಂತೆ ಓದಬಾರದು, ನಿಜ. ಆದರೂ 1346ರಲ್ಲಿ ವಿಜಯನಗರದ ದೊರೆ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಗೆ ದತ್ತಿ ಬಿಟ್ಟದ್ದು ಶಾಸನದಲ್ಲೇ ಇದೆ. ಈ ದೇವಿಯ ಹೆಸರು ವಿಜಯನಗರದ ಸೀಮೆಯಲ್ಲಿ ಹಬ್ಬಲು ಅಂಥ ಆಶ್ರಯಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ. ಶೃಂಗೇರಿಯ ಈಗಿನ ಕಲ್ಲಿನ ಗುಡಿಗೆ ಕುಂಭಾಭಿಷೇಕವಾದದ್ದು 1916ರಲ್ಲಿ. ಬೆಂಗಳೂರಿನಲ್ಲಿ ಈ ಪರಂಪರೆಗೆ ನೆಲೆ ಶಂಕರಪುರಂನ ಶಂಕರ ಮಠ.

ಹಾಗಾದರೆ ಇದು ಮಠದ ಶಿಷ್ಯರ ಹೆಸರಷ್ಟೇ ಅಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಅಲ್ಲ. ಗೋವಿಂದ ಬಲ್ಲಾಳ ದೇವಲರ 1899ರ ಮರಾಠಿ ನಾಟಕದಲ್ಲಿ, ಮುದುಕನಿಗೆ ಕೊಡಲು ಹೊರಟ ಹುಡುಗಿಯ ಹೆಸರೂ ಶಾರದಾ. ನಾಟಕದ ಹೆಸರೂ ಅದೇ. (1929ರ ಬಾಲ್ಯವಿವಾಹ ತಡೆಯ ಶಾರದಾ ಕಾಯಿದೆಗೆ ಹೆಸರು ಬಂದದ್ದು ಮಾತ್ರ ಹರಬಿಲಾಸ ಶಾರದಾ ಎಂಬ ಗಂಡಸಿನಿಂದ!) ಕನ್ನಡ ನಾಡಿನಲ್ಲಿ ಕ್ಷೇತ್ರದ ಜೊತೆಗೆ ಶಾಲೆಯೂ ಸೇರಿಕೊಂಡಿತು. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೇರಿಸಿ, ಮೇಲೆ ಹೂವಿಟ್ಟು ಮಾಡುವ ಶಾರದಾ ಪೂಜೆಗೆ ಎಲ್ಲ ಜಾತಿಯ ಮಕ್ಕಳೂ ಕೂಡಿದರು. ಮಗಳು ಓದಲಿ ಎಂದು ಬಯಸಿದ ಮನೆಗೆ ಈ ಹೆಸರು ಹಿಡಿಸಲು ಮಠದ ನಂಟು ಬೇಕಿರಲಿಲ್ಲ.

ಸಾರವನ್ನು ಕೊಡುವವಳು ಸಾರದಾ, ಅದೇ ಮೂಲ ಎನ್ನುವವರೂ ಇದ್ದಾರೆ. ಶರತ್ತಿನ ಶಕಾರಕ್ಕೆ ಇದು ಹೊಂದದು. ಕಾಶ್ಮೀರದ ಗುಡಿಯೂ ಲಿಪಿಯೂ ಶಕಾರದವೇ. ಬಂಗಾಳಿಯಲ್ಲಿ ಮಾತ್ರ ಆ ವಾದಕ್ಕೆ ಎಡೆಯಿದೆ: ರಾಮಕೃಷ್ಣ ಪರಮಹಂಸರ ಪತ್ನಿಯ ಹೆಸರನ್ನು ಅಲ್ಲಿ ಸಕಾರದಿಂದಲೇ ಬರೆಯುತ್ತಾರೆ, ಓದುವಾಗ ಕೇಳಿಸುವುದು ಶಕಾರ. ಅವರು 1911ರ ಮಾರ್ಚ್ ತಿಂಗಳಲ್ಲಿ ಶಂಕರಪುರಂಗೆ ಹತ್ತಿರದ ಬಸವನಗುಡಿಯ ರಾಮಕೃಷ್ಣ ಆಶ್ರಮಕ್ಕೆ ಬಂದು ತಂಗಿದ್ದರು. ಕನ್ನಡದ ಪುಸ್ತಕಗಳಲ್ಲಿ ಅವರು ಶಾರದಾದೇವಿ.