ಆರ್ಕಿಡ್ ಕುಂಡದ ಇನ್ನೂರು ವರ್ಷ

ಮಳೆಗಾಲ ಹಿಡಿಯುವ ಹೊತ್ತಿಗೆ ಮಲೆನಾಡಿನ ಹಳೆಯ ಮರಗಳಿಂದ ಜೋತುಬೀಳುವ ಸೀತಾಳೆ ದಂಡೆ ಎಂಬ ಆರ್ಕಿಡ್‌ಗೆ ಯಾರೂ ಮಣ್ಣು ಹಾಕಿಲ್ಲ, ಗೊಬ್ಬರ ಕೊಟ್ಟಿಲ್ಲ. ಬದನಿಕೆಯ ಹಾಗೆ ಅದು ಮರದ ರಸ ಹೀರುವುದೂ ಇಲ್ಲ. ತೊಗಟೆಗೆ ಕಚ್ಚಿಕೊಂಡ ಬೇರು ಮಳೆನೀರನ್ನೂ ಅದರಲ್ಲಿ ಕರಗಿ ಬಂದ ಅಷ್ಟಿಷ್ಟು ಸಾರವನ್ನೂ ಹಿಡಿದುಕೊಂಡು ಬದುಕುತ್ತದೆ. ಇಂಥ ಗಿಡವನ್ನು ಕುಂಡದಲ್ಲಿ ಉಳಿಸಿಕೊಳ್ಳುವ ವಿದ್ಯೆ ತೋಟಗಾರರಿಗೆ ಸುಲಭವಾಗಿ ದಕ್ಕಲಿಲ್ಲ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು ಹತ್ತಿತು. 1818ರಲ್ಲಿ ವಿಲಿಯಂ ಕ್ಯಾಟ್ಲಿಯ ಗಾಜಿನಮನೆಯಲ್ಲಿ ಬ್ರೆಜಿಲ್‌ನ ಗಿಡವೊಂದು ಅರಳಿತು. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಕ್ಯಾಟ್ಲಿಯಾ ಎಂದು ಹೆಸರಿಟ್ಟ. ಹಡಗುಗಟ್ಟಲೆ ಗಿಡಗಳು ಬಂದವು, ಬಂದಂತೆಯೇ ಸತ್ತವು. ಉಷ್ಣವಲಯವೆಂದರೆ ಸೆಕೆ, ಕತ್ತಲು, ತೇವ ಎಂದು ನಂಬಿದ್ದ ತೋಟಗಾರರು ಕಿಟಕಿ ಮುಚ್ಚಿ, ಒಲೆ ಉರಿಸಿ, ಮಣ್ಣು, ಪಾಚಿ, ಕೊಳೆತ ಮರದ ಪುಡಿ ತುಂಬಿದ ಕುಂಡಗಳಲ್ಲಿ ಬೇರುಗಳನ್ನು ಹೂತಿಡುತ್ತಿದ್ದರು.

ದಾರಿ ಬದಲಿಸಿದವರಲ್ಲಿ ಮುಖ್ಯನಾದವನು ಚಾಟ್ಸ್‌ವರ್ತ್ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್. 1835ರಲ್ಲಿ ಅಲ್ಲಿಂದ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಗಿಡ ಸಂಗ್ರಹಕ್ಕೆಂದು ಭಾರತಕ್ಕೆ ಕಳಿಸಲಾಯಿತು. ಅವನು ಖಾಸಿ ಬೆಟ್ಟಗಳಿಂದ ರಾಶಿ ಆರ್ಕಿಡ್‌ಗಳನ್ನು ಒಯ್ದ. ಗಿಡ ಹುಟ್ಟಿ ಬೆಳೆದ ಜಾಗದ ತಂಪನ್ನೂ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಪ್ಯಾಕ್ಸ್‌ಟನ್, ಗಾಜಿನಮನೆಗಳ ಕಿಟಕಿ ತೆರೆಸಿ ಬೇರೆಬೇರೆ ಉಷ್ಣತೆಯ ಕೋಣೆಗಳನ್ನು ಮಾಡಿಸಿದ. ಆರ್ಕಿಡ್ ಕೃಷಿಯ ನಿಜವಾದ ಆರಂಭ ಇದೇ ಎಂದು ನಾನು ತಿಳಿಯುತ್ತೇನೆ. ಮುಂದೆ ಬಂದ ಕುಂಡದ ಸಾಮಗ್ರಿಗಳೆಲ್ಲವೂ ಬೇರಿಗೆ ಗಾಳಿ ಒದಗಿಸುವ ಬೇರೆಬೇರೆ ಉಪಾಯಗಳೇ.

ಬೇರನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಅದರ ಮೇಲೆ ವೆಲಾಮೆನ್ ಎಂಬ, ಸತ್ತ ಕೋಶಗಳ ಸ್ಪಂಜಿನಂಥ ಪದರವಿದೆ. ಒಣಗಿದಾಗ ಬೆಳ್ಳಿಬಿಳುಪು. ನೀರು ಚಿಮುಕಿಸಿದರೆ ಖಾಲಿ ಕೋಶಗಳು ತುಂಬಿ, ಒಳಗಿನ ಹಸಿರು ನಮ್ಮ ಕಣ್ಣೆದುರೇ ಎದ್ದು ಕಾಣುತ್ತದೆ. ಹೀರಿದ ನೀರು ಇಳಿದ ಮೇಲೆ ಅಲ್ಲಿ ಮತ್ತೆ ಗಾಳಿ ಆಡಬೇಕು. ಸದಾ ಒದ್ದೆಯಾಗಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಂಥ ಬೇರನ್ನು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಪದರ ಜಾರಿ, ದಾರದಂಥ ನಡು ಮಾತ್ರ ಉಳಿಯುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ಬಹುಕಾಲ ಮೆರೆದದ್ದು ಆಸ್ಮಂಡ ಜರಿಗಿಡದ ಒರಟು ಬೇರಿನ ನಾರು. ಅದು ದುಬಾರಿಯಾದಾಗ ಅಮೆರಿಕದ ಬೆಳೆಗಾರರು 1950ರ ದಶಕದಲ್ಲಿ ಮರದ ಕಾರ್ಖಾನೆಗಳ ಕಸವಾಗಿದ್ದ ಫರ್ ಮರದ ತೊಗಟೆಗೆ ತಿರುಗಿದರು. ತೊಗಟೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಕಬಳಿಸುತ್ತಿದ್ದುದರಿಂದ ಸಾರಜನಕ ಹೆಚ್ಚಿರುವ 30-10-10 ಗೊಬ್ಬರ ಬಳಕೆಗೆ ಬಂತು. ಮರಜರಿಯ ಕಾಂಡದ ನಾರೂ ಜನಪ್ರಿಯವಾಗಿತ್ತು. ಕಾಡು ಬರಿದಾಗುವ ಭಯದಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ನಿಯಂತ್ರಣವಿದೆ.

ಈ ನಡುವೆ ಗಿಡಗಳೂ ಅಗ್ಗವಾದವು. ಆರ್ಕಿಡ್ ಬೀಜ ಮೊಳೆಯಲು ಶಿಲೀಂಧ್ರದ ನೆರವು ಬೇಕೆಂದು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. 1922ರಲ್ಲಿ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ, ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿ ತೋರಿಸಿದ. 1960ರಲ್ಲಿ ಜಾರ್ಜ್ ಮೊರೆಲ್ ಕುಡಿಯ ಅಂಗಾಂಶದಿಂದ ಸಿಂಬಿಡಿಯಂ ಗಿಡಗಳನ್ನು ಪಡೆಯುವ ದಾರಿ ತೆರೆದ. ಶ್ರೀಮಂತರ ಸೊತ್ತಾಗಿದ್ದ ಹೂವು ಸಾಮಾನ್ಯರ ಮನೆಗೆ ಬಂದದ್ದು ಹೀಗೆ.

ಇಲ್ಲಿ ನನ್ನದೊಂದು ಆಗ್ರಹವಿದೆ: ಬೇರೆ ದೇಶದ ತೊಗಟೆಗೆ ದುಡ್ಡು ಸುರಿಯುವ ಮೊದಲು ನಮ್ಮ ಹಿತ್ತಲನ್ನು ನೋಡೋಣ. ತೆಂಗಿನಕಾಯಿ ಸಿಪ್ಪೆಯ ತುಂಡು, ಸೌದೆಯ ಇದ್ದಿಲು, ಹೆಂಚಿನ ಚೂರು, ಈ ಮೂರಿದ್ದರೆ ಡೆಂಡ್ರೋಬಿಯಂಗೆ ಸಾಕು. ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ಕೆಲವು ದಿನ ನೀರು ಬದಲಿಸುತ್ತಾ ನೆನೆಸಬೇಕು. ಬಯಲುಸೀಮೆಯ ಒಣಹವೆಗೆ ಸಿಪ್ಪೆ ಹೆಚ್ಚಿರಲಿ. ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಅದು ಕೊಳೆತು ಗೊಜ್ಜಾಗುತ್ತದೆ. ಅಲ್ಲಿ ಇದ್ದಿಲು, ಹೆಂಚೇ ಲೇಸು. ಇದ್ದಿಲು ಕೊಳೆಯದು, ಆದರೆ ಗೊಬ್ಬರದ ಲವಣ ಅದರಲ್ಲಿ ಕೂರುತ್ತದೆ, ಆಗಾಗ ಬರಿನೀರು ಹರಿಸಿ ತೊಳೆಯಬೇಕು. ವ್ಯಾಂಡಾಗಂತೂ ಖಾಲಿ ಮರದ ಬುಟ್ಟಿಯೇ ಸಾಕು, ದಿನವೂ ನೀರು ಚಿಮುಕಿಸಿದರಾಯಿತು. ನೆಲದಲ್ಲಿ ಬೆಳೆಯುವ ಜಾತಿಗಳ ಲೆಕ್ಕ ಬೇರೆ, ಅವಕ್ಕೆ ಎಲೆಗೊಬ್ಬರ ಬೇಕು.

ನೀರನ್ನು ಬೆಳಿಗ್ಗೆಯೇ ಕೊಡಬೇಕು, ಸಂಜೆಯೊಳಗೆ ಎಲೆಸಂದಿ ಒಣಗಿರಬೇಕು. ಎಲೆ ಕಡುಹಸಿರಾಗಿದ್ದು ಹೂ ಬಿಡದಿದ್ದರೆ ಹೆಚ್ಚಾಗಿ ಬೆಳಕೇ ಸಾಲದು, ಗೊಬ್ಬರ ಸುರಿದು ಪ್ರಯೋಜನವಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಕಾಯಿರಿ. ಆಗ ಮಾಡಿದರೆ ಗಿಡ ಬೇಗ ಚೇತರಿಸುತ್ತದೆ. ಸೀತಾಳೆ ದಂಡೆಯನ್ನು ಮಾತ್ರ ಕಾಡಿನಿಂದ ಕಿತ್ತು ತರಬೇಡಿ. ನರ್ಸರಿಯಲ್ಲಿ ಬೆಳೆಸಿದ ಸಸಿ ಸಿಕ್ಕರೆ ಅಂಗಳದ ಮಾವಿನ ಕೊಂಬೆಗೆ ತೆಂಗಿನ ನಾರಿನಿಂದ ಬಿಗಿದು ಕಟ್ಟಿ, ಬೇರು ತೊಗಟೆ ಹಿಡಿಯುವ ತನಕ ದಿನವೂ ನೀರು ಹಾಕಿ.